ಇವೆಂಟ್ ಕೋರ್ಸಿಗೆ ಮೂರೂವರೆ ಲಕ್ಷ ಕಟ್ಟಲೇ?

ಪ್ರಶ್ನೆ: ನಾನು ಹೊಸಪೇಟೆಯವಳು, ವಯಸ್ಸು 22. ಈ ವರ್ಷ ಬಿಕಾಂ ಮುಗಿಯಿತು. ಕಳೆದ ಹಂಪಿ ಉತ್ಸವದಲ್ಲಿ ಮೂರು ದಿನ ಅತಿಥಿಗಳನ್ನು ಬರಮಾಡಿಕೊಳ್ಳುವ ಕೌಂಟರಿನಲ್ಲಿ ಸ್ವಯಂಸೇವಕಿಯಾಗಿದ್ದೆ. ಅಂದಿನಿಂದ ಟೂರಿಸಂ ಕಡೆಯ ಇವೆಂಟ್ ಮ್ಯಾನೇಜ್‌ಮೆಂಟ್‌ಗೇ ಹೋಗಬೇಕು ಅಂತ ಮನಸ್ಸು ಮಾಡಿದ್ದೇನೆ. ಬೆಂಗಳೂರಿನ ಒಂದು ಸಂಸ್ಥೆ ಒಂದು ವರ್ಷದ ಡಿಪ್ಲೊಮಾಗೆ 3.5 ಲಕ್ಷ ಕೇಳುತ್ತಿದೆ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನುತ್ತಾರೆ. ಈ ತಿಂಗಳ 15ರೊಳಗೆ ಕಟ್ಟಿದರೆ 50 ಸಾವಿರ ರಿಯಾಯಿತಿಯಂತೆ. ಅಪ್ಪ ಸಾಲ ಮಾಡಲೂ ತಯಾರು. ಅವ್ವ ಮಾತ್ರ, "ಶಾಮಿಯಾನ ಹಾಕೋ ಕೆಲ್ಸಕ್ಕೆ ಕೋರ್ಸ್ ಯಾಕೆ? ಅದನ್ನ ನಿಮ್ಮ ಮಾಮನೇ ಮಾಡ್ತಾನಲ್ಲ" ಅನ್ನುತ್ತಾಳೆ. ಮಾಮನಿಗೆ ಗಂಗಾವತಿಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇದೆ. ರಾತ್ರಿ ಕೆಲಸ ಹೆಣ್ಣುಮಕ್ಕಳಿಗೆ ಸರಿಯಲ್ಲ ಅನ್ನುವವರಿದ್ದಾರೆ. ಕೊರೊನಾದಲ್ಲಿ ಈ ಲೈನಿನವರೆಲ್ಲ ಬೀದಿಗೆ ಬಂದರು ಅಂತ ಹೆದರಿಸುವವರೂ ಇದ್ದಾರೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಕೋರ್ಸಿನ ಬಗ್ಗೆ. ಆದರೆ ಒಳಗಿರುವ ದಿಗಿಲು ಬೇರೆ. ಅಪ್ಪನ ಹೆಸರಿನಲ್ಲಿ ಸಾಲ ಮಾಡಿ, ಒಂದು ವರ್ಷ ಕಳೆದು, ಕೊನೆಗೆ ಕೈಗೆ ಏನೂ ಹತ್ತದೆ ಹೋದರೆ ಮನೆಯಲ್ಲಿ ಹೇಗೆ ಮುಖ ತೋರಿಸುವುದು ಅನ್ನುವುದು. ಅದಕ್ಕೇ ಕೋರ್ಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಕೆಲಸ ಏನು ಅಂತ ನಿಮ್ಮೂರಿನಲ್ಲೇ ನನಗಾದ ಒಂದು ಅವಮಾನದಿಂದ ಹೇಳುತ್ತೇನೆ.

ಹತ್ತು ವರ್ಷದ ಮೇಲಾಯಿತು. ನವೆಂಬರ್ ತಿಂಗಳು, 180 ವೈದ್ಯರ ಸಮ್ಮೇಳನ, ನಡೆಸುವ ಹೊಣೆ ನನ್ನದು. ಬೆಳಗ್ಗೆ ಹೊಸಪೇಟೆಯ ಹೋಟೆಲಿನಲ್ಲಿ ಸಭೆ, ಸಂಜೆ ವಿಠ್ಠಲ ದೇವಸ್ಥಾನ, ರಾತ್ರಿ ಊಟಕ್ಕೆ ವಾಪಸ್. ನಾಲ್ಕು ಬಸ್ಸು ಒಟ್ಟಿಗೆ ಹೊರಟವು, ಒಟ್ಟಿಗೇ ಪಾರ್ಕಿಂಗ್ ಮುಟ್ಟಿದವು. ಅಲ್ಲಿಂದ ಮುಂದೆ ಬಸ್ಸು ಹೋಗುವುದಿಲ್ಲ, ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲವೇ ನಡೆಯಬೇಕು. ನಿಮಗೆ ಗೊತ್ತೇ ಇದೆ. ನನಗೂ ಗೊತ್ತಿತ್ತು. ಆದರೆ ಗಾಡಿ ಎಷ್ಟಿವೆ, ಒಂದರಲ್ಲಿ ಎಷ್ಟು ಜನ ಹಿಡಿಸುತ್ತಾರೆ, ಹೋಗಿ ಬರಲು ಎಷ್ಟು ನಿಮಿಷ ಅಂತ ನಾನು ಲೆಕ್ಕ ಹಾಕಿರಲಿಲ್ಲ. ನಮಗಿಂತ ಮುಂದೆ ಎರಡು ಶಾಲೆಯ ಪ್ರವಾಸದ ಮಕ್ಕಳು ಸಾಲಿನಲ್ಲಿದ್ದರು. ಬಿಸಿಲು ಇಳಿಯುತ್ತಾ ಹೋಯಿತು. ಒಳಗೆ ಬಿಡುವ ಹೊತ್ತು ಮುಗಿಯಿತು. ಅರ್ಧಕ್ಕರ್ಧ ವೈದ್ಯರು ಕಲ್ಲಿನ ರಥ ನೋಡದೆ ವಾಪಸಾದರು.

ಆ ಕಾರ್ಯಕ್ರಮದಲ್ಲಿ ವೇದಿಕೆ ಚೆನ್ನಾಗಿತ್ತು. ಸೌಂಡ್ ಚೆನ್ನಾಗಿತ್ತು. ಊಟ ಇನ್ನೂ ಚೆನ್ನಾಗಿತ್ತು. ಆದರೆ ಮರುದಿನ ಬಂದ ಅಭಿಪ್ರಾಯದ ಹಾಳೆಗಳಲ್ಲಿ ಇದ್ದದ್ದು ಒಂದೇ ಸಾಲು: ರಥ ನೋಡಲಾಗಲಿಲ್ಲ. ನಾನು ಪೆಚ್ಚಾಗಿ ನಿಂತಿದ್ದಾಗ ಬ್ಯಾಟರಿ ಗಾಡಿ ಓಡಿಸುವ ಹುಡುಗಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಸಾರ್, ನಿನ್ನೆ ಒಂದ್ ಮಾತು ಕೇಳಿದ್ರ ಹೇಳ್ತಿದ್ವಿ. ಮಧ್ಯಾಹ್ನ ಊಟದ ಹೊತ್ತಿಗೆ ಬಂದ್ರ ಖಾಲಿ ಇರ್ತದ."

ಟೂರಿಸಂ ಇವೆಂಟ್ ಅಂದರೆ ಇದೇ. ಮಾಮೂಲಿ ಕಾರ್ಯಕ್ರಮಕ್ಕೆ ಜನ ತಮ್ಮ ಮನೆಯಿಂದ ಬಂದು ಮನೆಗೆ ಹೋಗುತ್ತಾರೆ. ಇಲ್ಲಿ ಬರುವವರೆಲ್ಲ ಪರಊರಿನವರು. ಅವರಿಗೆ ರೂಮು ಬೇಕು, ಗಾಡಿ ಬೇಕು, ಹೊಟ್ಟೆ ಕೆಟ್ಟರೆ ಡಾಕ್ಟರ್ ಬೇಕು, ವಾಪಸ್ ರೈಲು ಹತ್ತಿಸಬೇಕು. ವೇದಿಕೆ ಮೇಲೆ ನಡೆಯುವುದು ಕೆಲಸದ ಕಾಲು ಭಾಗ. ನೀವು ಉತ್ಸವದಲ್ಲಿ ಕೌಂಟರಿನಲ್ಲಿ ನಿಂತಿರಿ ಅಲ್ವಾ? ಗಾಯತ್ರಿ ಪೀಠದ ವೇದಿಕೆಯಲ್ಲಿ ಹಾಡಿದವರನ್ನು ನೋಡಿ ಈ ಆಸೆ ಹುಟ್ಟಿದ್ದರೆ ಇನ್ನೊಮ್ಮೆ ಯೋಚಿಸಿ. ಕೌಂಟರಿನಲ್ಲಿ ಯಾರಿಗೋ ರೂಮು ಸಿಕ್ಕಿಲ್ಲ ಅಂತ ಓಡಾಡಿ ಅದನ್ನು ಸರಿ ಮಾಡಿದಾಗ ಸಂತೋಷವಾಗಿದ್ದರೆ, ಸರಿಯಾದ ಕಡೆಗೇ ಹೊರಟಿದ್ದೀರಿ.

ಈ ಕ್ಷೇತ್ರದೊಳಗೆ ಬೇರೆ ಬೇರೆ ಓಣಿಗಳಿವೆ, ಎಲ್ಲವೂ ಒಂದೇ ಅಲ್ಲ. ಕಂಪನಿಗಳ ಸಭೆ, ಸಮ್ಮೇಳನ, ಬಹುಮಾನದ ಪ್ರವಾಸ, ವಸ್ತುಪ್ರದರ್ಶನ, ಇವನ್ನೆಲ್ಲ ಸೇರಿಸಿ ನಾವು ಮೈಸ್ ಅನ್ನುತ್ತೇವೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ, ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ, ಇವು ಆ ಲೋಕ. ಇನ್ನೊಂದು ಡೆಸ್ಟಿನೇಷನ್ ಮದುವೆ, ಅಂದರೆ ಬಂಧುಬಳಗವನ್ನೆಲ್ಲ ಪರಊರಿಗೆ ಕರೆದೊಯ್ದು ಮಾಡುವ ಮದುವೆ. ಮತ್ತೊಂದು ಸರ್ಕಾರದ ಉತ್ಸವಗಳು: ಮೈಸೂರು ದಸರಾ, ನಿಮ್ಮ ಹಂಪಿ ಉತ್ಸವ. 2023ರ ಜುಲೈನಲ್ಲಿ ಹಂಪಿಯಲ್ಲೇ ಜಿ-20 ಶೆರ್ಪಾಗಳ, ಅಂದರೆ ಆ ದೇಶಗಳ ನಾಯಕರ ಪ್ರತಿನಿಧಿಗಳ ಸಭೆ ನಡೆದದ್ದು ನೆನಪಿರಬೇಕು. ಸಂಡೂರಿನ ಲಂಬಾಣಿ ಕಸೂತಿಗೂ ಆಗ ದೊಡ್ಡ ಪ್ರದರ್ಶನ ಸಿಕ್ಕಿತ್ತು. ಅಂಥ ಸಭೆ ಪದೇ ಪದೇ ಬರುವುದಿಲ್ಲ, ಅದನ್ನೇ ನಂಬಿ ಕೂರಲಾಗದು. ಆದರೆ ನಿಮ್ಮ ಊರಿಗೆ ಅಷ್ಟು ತಾಕತ್ತಿದೆ ಅನ್ನುವುದಕ್ಕೆ ಅದು ಸಾಕ್ಷಿ.

ಈಗ ಅವ್ವನ ಮಾತು. ಅವರು ಹೇಳಿದ್ದು ಅರ್ಧ ಸರಿ. ನಾನು ಮೈಸೂರಿನಲ್ಲಿ ಈ ಕೆಲಸ ಶುರು ಮಾಡಿದ್ದು ದಸರಾ ಹೊತ್ತಿನಲ್ಲಿ ಅರಮನೆ ಮುಂದೆ ಕುರ್ಚಿ ಎಣಿಸುವುದರಿಂದ. ದೊಡ್ಡ ಕಂಪನಿಗಳು ಜರ್ಮನ್ ಹ್ಯಾಂಗರ್, ಟ್ರಸ್, ಎಲ್‌ಇಡಿ ವಾಲ್ ಅಂತ ಏನೇ ಹೆಸರಿಟ್ಟರೂ ಕೊನೆಗೆ ಕಂಬ ನೆಡುವವರು, ಬಟ್ಟೆ ಕಟ್ಟುವವರು ನಿಮ್ಮ ಮಾಮನಂಥವರೇ. ಗಾಳಿ ಬಂದರೆ ಯಾವ ಹಗ್ಗ ಮೊದಲು ಬಿಚ್ಚುತ್ತದೆ ಅಂತ ಅವರಿಗೆ ಗೊತ್ತು. ಯಾವ ಡಿಪ್ಲೊಮಾದಲ್ಲೂ ಅದು ಇಲ್ಲ. ಆದರೆ ಮಾಮನಿಗೆ ಗಿರಾಕಿ ಸಿಗುವುದು ಗಂಗಾವತಿ ಸುತ್ತಮುತ್ತ. ಬೆಂಗಳೂರಿನ ಕಂಪನಿಯ ಎಚ್‌ಆರ್ ಮೇಡಂ ಕೇಳುವ ಕೊಟೇಶನ್, ಜಿಎಸ್‌ಟಿ ಬಿಲ್ಲು, ನಿಮಿಷ ನಿಮಿಷದ ಪಟ್ಟಿ, ಮಳೆ ಬಂದರೆ ಏನು ಅನ್ನುವ ಎರಡನೇ ಪ್ಲಾನು, ಇವು ಮಾಮನ ಬಳಿ ಇರಲಿಕ್ಕಿಲ್ಲ. ಆ ನಡುವಿನ ಜಾಗ ಇದೆಯಲ್ಲ, ಅದೇ ನಿಮ್ಮ ಕೆಲಸ. ಅದಕ್ಕೆ ಬಿಕಾಂ ಒಳ್ಳೆಯ ಅಡಿಪಾಯ. ನಿಜ ಹೇಳಬೇಕೆಂದರೆ, ನನ್ನ ಟೀಮಿಗೆ ಬರುವ ಹುಡುಗರಲ್ಲಿ ಡೆಕೊರೇಷನ್ ಬಗ್ಗೆ ಮಾತಾಡುವವರು ಹತ್ತು ಜನ, ಖರ್ಚಿನ ಶೀಟ್ ಸರಿಯಾಗಿ ಮಾಡುವವರು ಒಬ್ಬರು.

ಇನ್ನು ಕೋರ್ಸು. ಇದಕ್ಕೆ ಲೈಸೆನ್ಸ್ ಬೇಕಾದ ಕೆಲಸ ಅಂತ ಯಾರಾದರೂ ಹೇಳಿದ್ದರೆ ಅದು ಸುಳ್ಳು. ವಕೀಲರಿಗೆ, ಸಿಎಗಳಿಗೆ ಇರುವ ಹಾಗೆ ಇಲ್ಲಿ ಯಾವ ಕಡ್ಡಾಯ ಪದವಿಯೂ ಇಲ್ಲ. ಹಾಗಂತ ಎಲ್ಲ ಕೋರ್ಸೂ ಮೋಸ ಅನ್ನುವುದೂ ತಪ್ಪು. ಒಳ್ಳೆಯ ಕೋರ್ಸಿನಲ್ಲಿ ಎರಡು ಲಾಭ: ಪರಿಚಯ ಮತ್ತು ಇಂಟರ್ನ್‌ಶಿಪ್. ತರಗತಿಯಲ್ಲಿ ಕಲಿಯುವುದು ಮೂರನೆಯದು. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅನ್ನುವ ಮಾತಿನ ಗುಟ್ಟು ಇಷ್ಟೇ: ಎಷ್ಟೋ ಕಡೆ ಮೂರು ತಿಂಗಳು ಬಸ್ ಚಾರ್ಜ್ ಕೊಟ್ಟು ದುಡಿಸಿಕೊಳ್ಳುವುದನ್ನೂ ಪ್ಲೇಸ್‌ಮೆಂಟ್ ಲೆಕ್ಕಕ್ಕೇ ಸೇರಿಸುತ್ತಾರೆ. ಹಾಗಾಗಿ ಆ ಸಂಸ್ಥೆಗೆ ಒಂದೇ ಪ್ರಶ್ನೆ ಕೇಳಿ. ಎರಡು ವರ್ಷದ ಹಿಂದೆ ಕಲಿತವರು ಈಗ ಎಲ್ಲಿದ್ದಾರೆ? ಕಳೆದ ವರ್ಷದವರು ಬೇಡ, ಅವರಿನ್ನೂ ಆ ಮೊದಲ ಮೂರು ತಿಂಗಳಲ್ಲೇ ಇರಬಹುದು. ಐದು ಜನರ ಜೊತೆ ಮಾತಾಡಿಸಿ ಅನ್ನಿ. ಅವರೇ ಆರಿಸಿ ಕೊಟ್ಟ ಐದು ಜನ ಸಾಲದು, ಆ ಬ್ಯಾಚಿನ ಪಟ್ಟಿಯಿಂದ ನೀವೇ ಆರಿಸಬೇಕು. ನುಣುಚಿಕೊಂಡರೆ ಅದೇ ಉತ್ತರ. ಕಲಿಯಲೇಬೇಕು ಅನ್ನುವುದಾದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿ 1983ರಲ್ಲಿ ಶುರುವಾದ ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆ ಇದೆ. ಮುಖ್ಯ ಕ್ಯಾಂಪಸ್ ಗ್ವಾಲಿಯರ್‌ನಲ್ಲಿ, ಗೋವಾದಲ್ಲೂ ನೆಲ್ಲೂರಿನಲ್ಲೂ ಶಾಖೆಗಳಿವೆ. ಎಂಬಿಎ ಎರಡು ವರ್ಷ. ಅದನ್ನು ಇವತ್ತೇ ಮಾಡಬೇಕಿಲ್ಲ. ಎರಡು ವರ್ಷ ಕೆಲಸ ಮಾಡಿ ಹೋದರೆ ಪಾಠ ಅರ್ಥವಾಗುತ್ತದೆ.

ನಿಜವಾದ ಅಪಾಯ ಎಲ್ಲಿದೆ ಅಂತ ಈಗ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾವ ಕೋರ್ಸಿನ ಜಾಹೀರಾತೂ ಹೇಳುವುದಿಲ್ಲ. ಈ ಲೈನಿನಲ್ಲಿ ಕೆಲಸಕ್ಕೆ ಬರ ಬರುವುದು ಕಡಿಮೆ. ಬರ ಬರುವುದು ದುಡ್ಡಿಗೆ. ಶಾಮಿಯಾನದವರು, ಹೂವಿನವರು, ಜನರೇಟರ್‌ನವರು ಅಡ್ವಾನ್ಸ್ ಇಲ್ಲದೆ ಕದಲುವುದಿಲ್ಲ. ಗಿರಾಕಿ ಕಾರ್ಯಕ್ರಮ ಮುಗಿದು ಎರಡು ಮೂರು ತಿಂಗಳಿಗೆ ಕೊಡುತ್ತಾನೆ. ನಡುವೆ ಸಿಕ್ಕಿಹಾಕಿಕೊಳ್ಳುವುದು ಇವೆಂಟಿನವರು. ನನ್ನ ಕೈಯಿಂದ ದುಡ್ಡು ಹಾಕಿ ಮಾಡಿದ ಒಂದು ಸರ್ಕಾರಿ ಕಾರ್ಯಕ್ರಮದ ಬಿಲ್ಲು ಪಾಸಾಗಲು 14 ತಿಂಗಳು ಹಿಡಿಯಿತು. ಆ ವರ್ಷ ಮನೆಯವಳ ಬಳೆ ಬ್ಯಾಂಕಿನಲ್ಲಿತ್ತು.

ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಅದರ ಲಾಭ ಸಿಗಲು ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ನೋಂದಣಿ ಬೇಕು. ಆ ನೋಂದಣಿ ಪೂರ್ತಿ ಉಚಿತ, ಮಾಡಿಸಿಕೊಡುತ್ತೇನೆ ಅಂತ ಎರಡು ಸಾವಿರ ಕೇಳುವವರಿಗೆ ಕೊಡಬೇಡಿ. ಆದರೆ ಕಾಯ್ದೆ ಹಿಡಿದು ದೂರು ಕೊಟ್ಟರೆ ಮುಂದಿನ ಕೆಲಸ ಆ ಕಡೆಯಿಂದ ಬರುವುದಿಲ್ಲ ಅನ್ನುವ ಭಯಕ್ಕೆ ಸುಮ್ನೆ ಇರುವವರೇ ಜಾಸ್ತಿ. ನಾನೂ ಇದ್ದೆ. ಮದುವೆಯದು ಸ್ವಲ್ಪ ಸಲೀಸು. ಮೂರು ಕಂತು ಮಾಡಿ, ಕೊನೆಯದನ್ನು ಅರಿಶಿನ ಶಾಸ್ತ್ರದ ಮುಂಚೆಯೇ ತೆಗೆದುಕೊಳ್ಳಬೇಕು. ಬಾಡಿದ ಹೂವಿಗೆ ಯಾರೂ ಸಂತೋಷದಿಂದ ದುಡ್ಡು ಕೊಡುವುದಿಲ್ಲ.

ದುಡ್ಡಿನಷ್ಟೇ ಕಾಡುವುದು ಕ್ಯಾಲೆಂಡರು. ಆಷಾಢದಲ್ಲಿ ಮದುವೆ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ಅಧಿಕ ಮಾಸ ಬಂದರೆ ಇನ್ನೊಂದು ತಿಂಗಳು ಹೋಯಿತು. 2026ರಲ್ಲಿ ಅದು ಬರುವುದು ಜ್ಯೇಷ್ಠಕ್ಕೆ, ಮೇ-ಜೂನ್ ನಡುವೆ. ಹಂಪಿಗೆ ಪರದೇಶದವರು ಬರುವುದು ಅಕ್ಟೋಬರಿನಿಂದ ಫೆಬ್ರವರಿವರೆಗೆ. ಬೇಸಿಗೆಯಲ್ಲಿ ಆ ಬಂಡೆಗಳ ನಡುವೆ ಯಾರನ್ನು ಕರೆತರುತ್ತೀರಿ? ಉತ್ಸವದ ತಾರೀಕನ್ನೂ ನೆಚ್ಚುವ ಹಾಗಿಲ್ಲ. ಮುಂಚೆ ಸಾಮಾನ್ಯವಾಗಿ ನವೆಂಬರ್ ಅನ್ನುತ್ತಿದ್ದರು. ಆಮೇಲೆ 2018ರದ್ದು ಮುಂದೆ ಹೋಗಿ 2019ರ ಮಾರ್ಚ್‌ನಲ್ಲಿ ನಡೆಯಿತು. 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರವರಿ ಮೊದಲಿಗೆ, 2025ರಲ್ಲಿ ಫೆಬ್ರವರಿ 28ರಿಂದ. ಅದನ್ನು ನಂಬಿ ಒಂದು ಮದುವೆಗೆ ರೂಮು ಹಿಡಿದವರ ಗತಿ ಯೋಚಿಸಿ. ಉತ್ಸವದ ದಿನ ನಿಮ್ಮೂರಲ್ಲಿ ಒಂದು ಲಾಡ್ಜಿನ ರೂಮೂ ಖಾಲಿ ಇರುವುದಿಲ್ಲ.

ಅನುಮತಿಗಳ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಹರಡಿದೆ. ಮೊಬೈಲಿನಲ್ಲಿ "ಹಂಪಿ ವೆಡ್ಡಿಂಗ್" ಅಂತ ಕಾಣುವ ಫೋಟೋ ನೋಡಿ, ಮಂಟಪಗಳ ನಡುವೆಯೇ ಮದುವೆ ಮಾಡಿಸಿಕೊಡಿ ಅಂತ ಗಿರಾಕಿಗಳು ಕೇಳುತ್ತಾರೆ. ಸಂರಕ್ಷಿತ ಸ್ಮಾರಕದೊಳಗೆ ಅನುಮತಿ ಇಲ್ಲದೆ ಸಭೆ, ಔತಣ, ಮನರಂಜನೆ ನಡೆಸುವಂತಿಲ್ಲ. ಪ್ರಾಚೀನ ಸ್ಮಾರಕಗಳ 1959ರ ನಿಯಮದಲ್ಲೇ ಇದೆ. ಆ ಮದುವೆಗಳು ನಡೆಯುವುದು ಸುತ್ತಲಿನ ರೆಸಾರ್ಟಿನ ಹುಲ್ಲುಹಾಸಿನ ಮೇಲೆ. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮದ್ಯ ಇದ್ದರೆ ಅಬಕಾರಿ ಇಲಾಖೆಯ ಒಂದು ದಿನದ ಲೈಸೆನ್ಸ್ ಬೇಕು. ಜನ ಜಾಸ್ತಿ ಸೇರುವ ಕಡೆ ಪೊಲೀಸರು, ಅಗ್ನಿಶಾಮಕದವರು ಈಗ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ. ಕೇಳಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಗೇಟು ಎಷ್ಟು, ಎಷ್ಟು ಅಗಲ, ಜನ ಯಾವ ಕಡೆಯಿಂದ ಹೊರಗೆ ಹೋಗುತ್ತಾರೆ ಅನ್ನುವುದು ಹೂವಿನ ಬಣ್ಣಕ್ಕಿಂತ ಮೊದಲು ಬರಬೇಕಾದ ಪ್ರಶ್ನೆ. ಈ ಕೆಲಸಕ್ಕೆ ಬಂದ ಮೇಲೆ ನಿಮ್ಮ ಕಣ್ಣು ಯಾವ ಹಾಲ್‌ಗೆ ಹೋದರೂ ಮೊದಲು ಬಾಗಿಲನ್ನೇ ಹುಡುಕುತ್ತದೆ.

ರಾತ್ರಿ ಕೆಲಸದ ಮಾತಿಗೆ ಬರೋಣ. ಸುಳ್ಳು ಹೇಳುವುದಿಲ್ಲ, ರಾತ್ರಿ ಕೆಲಸ ಇದೆ. ವೇದಿಕೆ ಕಟ್ಟುವುದೇ ರಾತ್ರಿ. ಆದರೆ ಹೆಣ್ಣುಮಕ್ಕಳಿಗೆ ಆಗುವುದಿಲ್ಲ ಅನ್ನುವುದು ಸರಿಯಲ್ಲ. ಅತಿಥಿಗಳ ನೋಂದಣಿ, ರೂಮಿನ ಹಂಚಿಕೆ, ಗಿರಾಕಿ ಜೊತೆ ಮಾತುಕತೆ, ಲೆಕ್ಕ, ಇವನ್ನು ನಾನು ಕಂಡ ಮಟ್ಟಿಗೆ ಹೆಣ್ಣುಮಕ್ಕಳೇ ಚೆನ್ನಾಗಿ ನಡೆಸುತ್ತಿದ್ದಾರೆ. ತೊಂದರೆ ಬರುವುದು ಕತ್ತಲೆಯಿಂದ ಅಲ್ಲ, ಹೊಣೆ ಇಲ್ಲದ ಮಾಲೀಕರಿಂದ. ಸಂದರ್ಶನದಲ್ಲಿ ನಾಚಿಕೆ ಬಿಟ್ಟು ಕೇಳಿ. ತಡವಾದರೆ ಮನೆವರೆಗೆ ಗಾಡಿ ಕೊಡುತ್ತೀರಾ? ಪರಊರಿನಲ್ಲಿ ರೂಮು ಬೇರೆ ಇರುತ್ತದಾ? ಸೈಟಿನಲ್ಲಿ ನಮಗೆ ಶೌಚಾಲಯ ಇರುತ್ತದಾ? ಈ ಕೊನೆಯ ಪ್ರಶ್ನೆ ಕೇಳಿದಾಗ ಎದುರಿನವರ ಮುಖ ನೋಡಿ, ಆ ಕಂಪನಿ ಎಂಥದ್ದು ಅಂತ ಗೊತ್ತಾಗುತ್ತದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ ಪ್ರಕಾರ. ಹತ್ತಕ್ಕಿಂತ ಕಡಿಮೆ ಜನರ ಕಂಪನಿಯಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ.

ಕೊರೊನಾ ಬಗ್ಗೆ ಹೆದರಿಸಿದವರು ನಿಜವನ್ನೇ ಹೇಳಿದ್ದಾರೆ. 2020ರಲ್ಲಿ ಮದುವೆಗೆ 50 ಜನರ ಮಿತಿ ಇತ್ತು. ನನ್ನ ಗೋದಾಮಿನ ಕುರ್ಚಿಗಳ ಮೇಲೆ ಧೂಳು ಕೂತಿತ್ತು. ನನ್ನ ಜೊತೆಗಿದ್ದ ಲೈಟಿಂಗ್ ಹುಡುಗ ತರಕಾರಿ ಮಾರಿದ. ಆದರೆ ಬಾಗಿಲು ತೆರೆದ ಮೇಲೆ ಮೊದಲು ಎದ್ದು ನಿಂತವರು ಸಾಲ ಕಡಿಮೆ ಇದ್ದವರು. ಅದನ್ನು ನಿಮ್ಮ 3.5 ಲಕ್ಷದ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ನಿಮ್ಮ ಮುಂದೆ ಏನೇನಿದೆ?

ಕೋರ್ಸಿಲ್ಲದೆ ಸೀದಾ ಬೆಂಗಳೂರಿಗೆ ಹೋಗಿ ಇವೆಂಟ್ ಕಂಪನಿ ಸೇರಬಹುದು. ಹೊಸಬರಿಗೆ ನಾನು ಕಂಡ ಸಂಬಳ 18ರಿಂದ 25 ಸಾವಿರ. ಪಿಜಿ, ಊಟ, ಓಡಾಟ ಕಳೆದರೆ ಉಳಿಯುವುದು ಏನೂ ಇಲ್ಲ. ಕಲಿಕೆ ಮಾತ್ರ ಭರ್ಜರಿ, ಒಂದು ವರ್ಷದಲ್ಲಿ ಮೂರು ವರ್ಷದ್ದು ಕಲಿಯುತ್ತೀರಿ. ಮೈ ದಣಿಯುತ್ತದೆ, ಎರಡನೇ ವರ್ಷಕ್ಕೆ ಬಿಟ್ಟು ಹೋಗುವವರು ಬಹಳ.

ಊರಲ್ಲೇ ಮಾಮನ ಜೊತೆ ಸೇರಿ ಸ್ವಂತ ಶುರು ಮಾಡಬಹುದು. ಬೆಂಗಳೂರು, ಹೈದರಾಬಾದ್ ಕಂಪನಿಗಳು ಹಂಪಿಗೆ ತಂಡ ತಂದಾಗ ಅವರಿಗೆ ಸ್ಥಳದಲ್ಲಿ ಎಲ್ಲ ಜೋಡಿಸಿಕೊಡುವವರು ಬೇಕು. ನಾವು ಗ್ರೌಂಡ್ ಹ್ಯಾಂಡ್ಲಿಂಗ್ ಅನ್ನುತ್ತೇವೆ. ಅಂದು ನಿಮ್ಮಂಥವರೊಬ್ಬರು ನನಗೆ ಸಿಕ್ಕಿದ್ದರೆ 180 ವೈದ್ಯರೂ ರಥ ನೋಡುತ್ತಿದ್ದರು. ಕನ್ನಡ, ತೆಲುಗು, ಹಿಂದಿ ಮೂರೂ ಬಂದರೆ ಇಲ್ಲಿ ಅದೇ ದೊಡ್ಡ ಬಂಡವಾಳ. ಇಂಗ್ಲಿಷಿನಲ್ಲಿ ಒಂದು ಸರಿಯಾದ ಮೇಲ್ ಬರೆಯಲು ಬಂದರೆ ಸಾಕು. ಆದರೆ ಇವತ್ತೇ ಶುರು ಮಾಡಿದರೆ ಯಾವುದಕ್ಕೆ ಎಷ್ಟು ಕೇಳಬೇಕು ಅನ್ನುವುದೇ ಗೊತ್ತಿರುವುದಿಲ್ಲ, ಮೊದಲ ಬಾಕಿಯಲ್ಲೇ ಮಾಮನ ಜೊತೆಗಿನ ನಂಟೂ ಕೆಡಬಹುದು.

ನನ್ನ ಮನಸ್ಸು ವಾಲುವುದು ಮೂರನೆಯ ದಾರಿಗೆ. ಹೊಸಪೇಟೆ, ಹಂಪಿ ಸುತ್ತಲಿನ ಒಳ್ಳೆಯ ಹೋಟೆಲ್ ಅಥವಾ ರೆಸಾರ್ಟಿನಲ್ಲಿ ಬ್ಯಾಂಕ್ವೆಟ್ ಸೇಲ್ಸ್, ಅಂದರೆ ಸಭೆ ಸಮಾರಂಭಗಳಿಗೆ ಹಾಲು, ಊಟ ಗೊತ್ತುಮಾಡಿಕೊಡುವ ವಿಭಾಗಕ್ಕೆ ಸೇರಿ. ಇದು ಯಾರ ಕಣ್ಣಿಗೂ ಬೀಳದ ಬಾಗಿಲು. ಸಂಬಳ ದೊಡ್ಡದಲ್ಲ, ಆದರೆ ಒಂದನೇ ತಾರೀಕಿಗೆ ಬರುತ್ತದೆ, ಪಿಎಫ್ ಇರುತ್ತದೆ, ಮನೆ ಊಟ ಇರುತ್ತದೆ. ಪ್ರತಿ ಕಾರ್ಯಕ್ರಮಕ್ಕೂ ಅಲ್ಲಿ ಫಂಕ್ಷನ್ ಪ್ರಾಸ್ಪೆಕ್ಟಸ್ ಅಂತ ಒಂದು ಹಾಳೆ ತಯಾರಾಗುತ್ತದೆ. ಎಷ್ಟು ತಟ್ಟೆ, ಯಾವ ದರ, ಎಷ್ಟು ಹೊತ್ತಿಗೆ ಕಾಫಿ, ಎಷ್ಟು ಅಡ್ವಾನ್ಸ್ ಬಂತು, ಎಲ್ಲ ಅದರಲ್ಲಿ. ಅಂಥ ಇನ್ನೂರು ಹಾಳೆ ನಿಮ್ಮ ಕೈಯಿಂದ ದಾಟಿದ ಮೇಲೆ ನಿಮಗೆ ಯಾವ ಡಿಪ್ಲೊಮಾದವರೂ ಬೆಲೆ ಹೇಳಿಕೊಡಬೇಕಿಲ್ಲ. ಅಪಾಯ ಏನೆಂದರೆ, ಅಲ್ಲೇ ಬೆಚ್ಚಗೆ ಕೂತುಬಿಡುವುದು. ಎರಡು ಸೀಸನ್ ಅಂತ ಮನಸ್ಸಿನಲ್ಲೇ ಗೆರೆ ಹಾಕಿಕೊಳ್ಳಿ. ಆಮೇಲೆ ಬೆಂಗಳೂರೋ, ಎಂಬಿಎಯೋ, ಮಾಮನ ಜೊತೆಯೋ, ನೀವೇ ನಿರ್ಧರಿಸಿ. ಆಗಲೂ ನಿಮಗೆ ವಯಸ್ಸು 24 ಅಷ್ಟೇ.

ಅಷ್ಟರೊಳಗೆ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಬ್ಯಾಟರಿ ಗಾಡಿ ಎಷ್ಟು, ಯಾವ ಹೊತ್ತಿಗೆ ಖಾಲಿ. ಯಾವ ರೆಸಾರ್ಟಿನಲ್ಲಿ ಎಷ್ಟು ರೂಮು, ದೊಡ್ಡ ಬಸ್ಸು ಒಳಗೆ ತಿರುಗುತ್ತದಾ. ಹೊಸಪೇಟೆಯಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಜನರೇಟರ್‌ನವರು ಯಾರು. ಮಾಮನ ಅಂಗಡಿಗೆ ಒಂದು ಭಾನುವಾರ ಹೋಗಿ ಅವರ ಬಾಕಿ ಪುಸ್ತಕ ಕೇಳಿ ನೋಡಿ. ಯಾರು ಕೊಟ್ಟಿದ್ದಾರೆ, ಯಾರು ಸತಾಯಿಸುತ್ತಿದ್ದಾರೆ ಅಂತ ಓದಿ. ಅವ್ವನನ್ನೂ ಕರೆದುಕೊಂಡು ಹೋಗಿ.

15ನೇ ತಾರೀಕಿನ ಚಿಂತೆ ಬಿಡಿ. ಆ 50 ಸಾವಿರದ ರಿಯಾಯಿತಿ ಮುಂದಿನ ತಿಂಗಳೂ ಇರುತ್ತದೆ. ಬೇಕಿದ್ದರೆ 16ನೇ ತಾರೀಕು ಬೆಳಗ್ಗೆ ಫೋನ್ ಮಾಡಿ, "ನಿನ್ನೆ ಕಟ್ಟಲು ಆಗಲಿಲ್ಲ" ಅಂತ ಹೇಳಿ ನೋಡಿ.